ಚಿರತೆ ಓಡಾಡುವ ಹಾಡಿ ಬದಿಯಲ್ಲಿ: ದಾರಿ, ಹಟ್ಟಿ, ಬಾವಿ

ಕಾರ್ಕಳ, ಹೆಬ್ರಿ, ಕುಂದಾಪುರ ಕಡೆಯ ಹಾಡಿ (ಊರಿನ ಪಕ್ಕದ ಸಣ್ಣ ಕಾಡು) ಬದಿಯ ಮನೆಗಳಿಗೆ ಚಿರತೆ ಬರುವುದು ಹೆಚ್ಚಾಗಿ ನಾಯಿಗಾಗಿ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ. ಕತ್ತಲಾಗುವ ಮೊದಲೇ ಅದನ್ನು ಒಳಗೆ ಸೇರಿಸಿ. ದನದ ಹಟ್ಟಿಗೆ, ಕೋಳಿಗೂಡಿಗೆ ಬದಿಯಲ್ಲಿ ಮಾತ್ರ ಬಲೆ ಹಾಕಿದರೆ ಸಾಲದು, ಚಿರತೆ ಮೇಲಿನಿಂದ ಇಳಿಯುತ್ತದೆ. ಮೀನಿನ ತಲೆ, ಕೋಳಿಯ ಕರುಳು ತೋಟದ ಮೂಲೆಗೆ ಎಸೆದರೆ ಬೀದಿನಾಯಿಗಳು ಬರುತ್ತವೆ, ಅವುಗಳ ಹಿಂದೆಯೇ ಚಿರತೆ.

ಬಂದದ್ದು ಯಾವುದೆಂದು ಒದ್ದೆ ಮಣ್ಣೇ ಹೇಳುತ್ತದೆ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರಿನ ಚುಕ್ಕಿ ಕಾಣುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ನಾಲ್ಕು ದುಂಡು ಬೆರಳು, ಹಿಂದೊಂದು ಅಗಲ ಮೆತ್ತೆ, ಅಷ್ಟೇ. ಕಾಡುಬೆಕ್ಕಿನದ್ದೂ ಹೀಗೆಯೇ, ಆದರೆ ತೀರಾ ಸಣ್ಣದು.

ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವವರು ಟಾರ್ಚ್ ಹಿಡಿದು, ಮಾತಾಡುತ್ತಾ ಹೋಗಬೇಕು. ಒಬ್ಬರೇ ಇದ್ದರೆ ಮೊಬೈಲಿನಲ್ಲಿ ಹಾಡು ಹಾಕಿಕೊಳ್ಳಿ, ಆದರೆ ಕಿವಿಗೆ ಇಯರ್‌ಫೋನ್ ಬೇಡ. ಗೇರುಬೀಜ ಹೆಕ್ಕುವಾಗ, ಹುಲ್ಲು ಕೊಯ್ಯುವಾಗ ಅಪಾಯ ಹೆಚ್ಚು: ಬಗ್ಗಿದ, ಕುಕ್ಕುರು ಕೂತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣಬಹುದು. ಇಬ್ಬರು ಹೋಗಿ, ಒಬ್ಬರು ಆಗಾಗ ಎದ್ದು ನಿಂತು ಸುತ್ತ ನೋಡಲಿ.

ಎದುರಾದರೆ ಓಡಬೇಡಿ, ಬೆನ್ನು ತಿರುಗಿಸಬೇಡಿ, ಕೂರಬೇಡಿ. ಜೊತೆಗಿರುವ ಮಗುವನ್ನು ಎತ್ತಿಕೊಳ್ಳಿ. ಬೈರಾಸನ್ನು (ಟವೆಲನ್ನು) ಎರಡೂ ಕೈಯಲ್ಲಿ ಮೇಲೆ ಹಿಡಿದು ಗಟ್ಟಿಯಾಗಿ ಮಾತಾಡುತ್ತಾ ನಿಧಾನ ಹಿಂದೆ ಸರಿಯಿರಿ. ಅದು ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ, ಇದೇ ಮುಖ್ಯ. ಮರ ಹತ್ತಿ ಪ್ರಯೋಜನವಿಲ್ಲ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಮೈಮೇಲೆ ಬಿದ್ದರೆ ಕುತ್ತಿಗೆ ಮುಚ್ಚಿಕೊಂಡು, ಕತ್ತಿಯೋ ಕೋಲೋ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಿರಿ. ಸುಮ್ಮನೆ ಮಲಗಬೇಡಿ.

ಕರುವನ್ನು ಕೊಂದಿದ್ದರೆ ಸಂಜೆ ಅದರ ಹತ್ತಿರ ಹೋಗಬೇಡಿ. ಚಿರತೆ ಅಲ್ಲೇ ಪೊದೆಯಲ್ಲಿರಬಹುದು, ತಿಂದು ಉಳಿದದ್ದಕ್ಕೆ ಮತ್ತೆ ಬರುತ್ತದೆ. ಹಗಲು ನಾಲ್ಕೈದು ಮಂದಿ ಸೇರಿ ಹೋಗಿ ಫೋಟೋ ತೆಗೆಯಿರಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಪರಿಹಾರಕ್ಕೆ ಅರಣ್ಯ ಇಲಾಖೆಯ ಮಹಜರು, ಪಶುವೈದ್ಯರ ವರದಿ ಬೇಕಾಗುವುದರಿಂದ ಹೂಳುವ ಅವಸರ ಬೇಡ. ಸಿಟ್ಟಿನಲ್ಲಿ ಹೆಣಕ್ಕೆ ವಿಷ ಹಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಊರಿನ ನಾಯಿಗಳೂ ಅದನ್ನೇ ತಿಂದು ಸಾಯುತ್ತವೆ. ಹಂದಿಗೆಂದು ಇಡುವ ತಂತಿಯ ಉರುಳೂ ಬೇಡ: ಸೊಂಟಕ್ಕೆ ಉರುಳು ಬಿಗಿದ ಚಿರತೆ ಎಳೆದೆಳೆದು ಕಿತ್ತುಕೊಂಡರೆ ಎದುರಿಗಿದ್ದವರ ಮೇಲೇ ಎರಗುತ್ತದೆ.

ನಮ್ಮ ಕಡೆಯ ದೊಡ್ಡ ತೊಂದರೆ ದಂಡೆಯಿಲ್ಲದ ಮುರಕಲ್ಲಿನ ಬಾವಿ. ರಾತ್ರಿ ಬೇಟೆಯ ಹಿಂದೆ ಓಡಿ ಚಿರತೆ ಬೀಳುತ್ತದೆ. ಮೊದಲು ಪಂಪಿನ ಮೈನ್ ಸ್ವಿಚ್ ಆಫ್ ಮಾಡಿ, ಅದು ಪೈಪನ್ನೋ ವಯರನ್ನೋ ತಬ್ಬಿ ನೇತಾಡುತ್ತಿರಬಹುದು. ಈಜುತ್ತದೆ, ಆದರೆ ದಣಿಯುತ್ತದೆ. ಹಗ್ಗ ಕಟ್ಟಿದ ಮರದ ಹಲಗೆ ಅಥವಾ ಹಳೆಯ ಟಯರ್ ಇಳಿಸಿ ನೀರಿನ ಮಟ್ಟದಲ್ಲಿ ನಿಲ್ಲುವಂತೆ ಬಿಡಿ, ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿ. ಏಣಿ ಇಳಿಸುವ ಕೆಲಸ ಅರಣ್ಯ ಸಿಬ್ಬಂದಿಗೆ ಬಿಡಿ. ಅರ್ಧ ಊರು ಬಾವಿ ಸುತ್ತ ನಿಂತಿರುವಾಗ ಏಣಿ ಇಟ್ಟರೆ ಅದು ಎರಡೇ ನೆಗೆತಕ್ಕೆ ಮೇಲೆ ಬಂದು, ತಪ್ಪಿಸಿಕೊಳ್ಳುವ ಭರದಲ್ಲಿ ಸಿಕ್ಕಿದವರನ್ನು ಪರಚುತ್ತದೆ. ಜನರನ್ನು ಮನೆಯೊಳಗೆ ಕಳಿಸುವುದೇ ಅರ್ಧ ರಕ್ಷಣೆ, ವಿಡಿಯೋ ತೆಗೆಯುವವರನ್ನೂ ಸೇರಿಸಿ. ಅರಿವಳಿಕೆ ಕೊಡಿ ಎಂದು ಒತ್ತಾಯಿಸಬೇಡಿ, ನೀರಲ್ಲಿ ಎಚ್ಚರ ತಪ್ಪಿದರೆ ಮುಳುಗುತ್ತದೆ. ಬೋನು ಬರುವವರೆಗೆ ಕಾಯಿರಿ.

ಪರಚಿದ ಗಾಯ ಸಣ್ಣದಿದ್ದರೂ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿದು ತಕ್ಷಣ ಜಿಲ್ಲಾ ಆಸ್ಪತ್ರೆಗೆ, ಮಂಗಳೂರಿನವರಾದರೆ ವೆನ್ಲಾಕ್‌ಗೆ ಹೋಗಿ. ಕಚ್ಚಿದ್ದು ಅಥವಾ ಪರಚಿದ್ದು ಕಾಡುಪ್ರಾಣಿ ಎಂದು ಬಾಯಿಬಿಟ್ಟು ಹೇಳಿ: ರೇಬಿಸ್ ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಇಮ್ಯುನೊಗ್ಲಾಬ್ಯುಲಿನ್, ಟೆಟನಸ್ ಚುಚ್ಚುಮದ್ದು ಎಲ್ಲ ಅದನ್ನು ನೋಡಿಯೇ ನಿರ್ಧಾರವಾಗುತ್ತದೆ.