ಬಿದಿರಿನ ದುಂಬಿನಾ, ಕಾಫಿ ಕಾಂಡಕೊರಕನಾ? ನೋಡೋದು ಹೀಗೆ

ಬೆಂಗಳೂರಲ್ಲಿ ಬಿದಿರಿನ ಸೋಫಾ, ಕಾಫಿ ಕಾಂಡದ ಸ್ಟೂಲ್ ಇರೋ ಮನೇಲಿ ಒಂದು ಒಂದೂವರೆ ಸೆಂಟಿಮೀಟರ್ ಉದ್ದದ, ಕಣಜದ ಥರ ಪಟ್ಟೆ ಇರೋ ದುಂಬಿ ಕಿಟಕಿ ಹತ್ರ ಓಡಾಡ್ತಿದ್ರೆ ಎರಡು ಹೆಸರು ತಲೇಲಿ ಇಟ್ಕೊಳಿ, ಬಿದಿರಿನ ದುಂಬಿ ಕ್ಲೋರೋಫೋರಸ್ ಆನ್ಯುಲಾರಿಸ್ ಮತ್ತೆ ಕಾಫಿ ಕಾಂಡಕೊರಕ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಎರಡೂ ಲಾಂಗ್‌ಹಾರ್ನ್, ಅಂದ್ರೆ ಉದ್ದ ಮೀಸೆ ದುಂಬಿಗಳ ಗುಂಪಿನವೇ, ಆದ್ರೆ ಮೀಸೆ ಮೈಗಿಂತ ಗಿಡ್ಡ, ಅದಕ್ಕೇ ಎಷ್ಟೋ ಜನ ಬೇರೇನೋ ಅಂದ್ಕೋತಾರೆ.

ಮೊದ್ಲು ಬಣ್ಣ. ಬಿದಿರಿಂದು ಹಳದಿ, ಒಂದೊಂದು ರೆಕ್ಕೆಯ ಮೇಲ್ಭಾಗದಲ್ಲೂ ಕಪ್ಪು ಉಂಗುರದ ಥರ ಗುರುತು ಇರತ್ತೆ. ಕಾಫಿದು ಕಪ್ಪು, ಮೇಲೆ ಬಿಳಿ ಪಟ್ಟೆ. ಆದ್ರೆ ಬಣ್ಣ ಒಂದನ್ನೇ ನಂಬಬೇಡಿ, ಆ ಬಣ್ಣ ಸಣ್ಣ ಸಣ್ಣ ಕೂದಲಿಂದ ಬರೋದು, ವಯಸ್ಸಾದ ದುಂಬೀಲಿ ಸವೆದು ಹೋಗಿ ಬರೀ ಕಪ್ಪಗೆ ಕಾಣತ್ತೆ.

ನಿಜವಾದ ಗುರುತು ಮುಖದಲ್ಲಿದೆ. ಮೊಬೈಲ್‌ಗೆ ಮ್ಯಾಕ್ರೋ ಲೆನ್ಸ್ ಹಾಕಿ ಟಾರ್ಚನ್ನ ಪಕ್ಕದಿಂದ ಹಿಡೀರಿ, ನೇರ ಹಿಡಿದ್ರೆ ಏನೂ ಕಾಣಲ್ಲ, ಹಣೆ ಮೇಲೆ ಎದ್ದು ನಿಂತ ಗೆರೆ, ಅಂದ್ರೆ ಏಣು, ಕಂಡ್ರೆ ಕ್ಸೈಲೋಟ್ರೆಕಸ್, ಹಣೆ ಏಣಿಲ್ಲದೆ ಇದ್ರೆ ಕ್ಲೋರೋಫೋರಸ್.

ಹಾಗಂತ ಏಣು ಕಂಡ ತಕ್ಷಣ ಕ್ವಾಡ್ರಿಪೆಸ್ ಅಂತ ಬರೀಬೇಡಿ ಪ್ಲೀಸ್, ಸ್ಮೈ ಅಂತ ಇನ್ನೊಂದು ಕ್ಸೈಲೋಟ್ರೆಕಸ್ ಬೇರೆ ಬೇರೆ ಮರಗಳಲ್ಲಿ ಬರತ್ತೆ. ಯಾವ ಮರದಿಂದ ಹೊರಗೆ ಬಂತು ಅನ್ನೋದು ಬರೆದಿಟ್ಕೊಳಿ, ಮೇಲಿಂದ, ಪಕ್ಕದಿಂದ, ಮುಖದ್ದು ಅಂತ ಮೂರು ಫೋಟೋ ತೆಗೀರಿ, ಸತ್ತಿದ್ರೆ ಡಬ್ಬೀಲಿ ಹಾಕಿ ತಾರೀಕು, ಏರಿಯಾ ಬರೆದ ಚೀಟಿ ಜೊತೆಗಿಡಿ.