ಸಾವಿರದ ಮೈಕಿಂದ ಚಳ್ಳಕೆರೆ ಕಂಬಳಿವರೆಗೆ: ನನ್ನ ಹೋಮ್ ಸ್ಟುಡಿಯೋ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನಾನು ಸೌಂಡ್ ಇಂಜಿನಿಯರ್ ಅಲ್ಲ. ದಾವಣಗೆರೆಲಿ ಝೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ, ಅದರ ಜೊತೆಗೆ ಆಟೋ ಪ್ರಚಾರಕ್ಕೆ ದನಿ ಕೊಡ್ತೀನಿ. ಆಟೋ ಮೇಲೆ ಎರಡು ಹಾರ್ನ್ ಕಟ್ಕೊಂಡು "ಬನ್ನಿ ಬಂಧುಗಳೇ ಬನ್ನಿ, ಭಾರೀ ರಿಯಾಯ್ತಿ" ಅಂತ ಓಣಿ ಓಣಿ ತಿರುಗ್ತಾವಲ್ಲ, ಅದೇ. ಆಷಾಢದ ಸೀರೆ ಸೇಲ್, ಹೊಸ ಟ್ಯೂಷನ್ ಕ್ಲಾಸು, ಜಾತ್ರೆ, ಕಣ್ಣು ತಪಾಸಣೆ ಶಿಬಿರ, ಎಲ್ಲಾ ಮಾಡಿದೀನಿ. ನಾಲ್ಕು ವರ್ಷ ಅದನ್ನೆಲ್ಲಾ ಮೊಬೈಲಲ್ಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕ್ಕೊಡ್ತಿದ್ದೆ, ಯಾರೂ ಒಂದು ಮಾತು ಆಡಿರ್ಲಿಲ್ಲ.

ಗ್ರಹಚಾರ ಶುರುವಾಗಿದ್ದು ಚನ್ನಗಿರಿ ಕಡೆಯೋರೊಬ್ರು ಅಡಿಕೆ ತೋಟದ ವಿಡಿಯೋಗೆ ದನಿ ಬೇಕು ಅಂತ ಬಂದಾಗ. ಹತ್ತು ನಿಮಿಷದ ಸ್ಕ್ರಿಪ್ಟು, ಭರ್ಜರಿಯಾಗಿ ಓದಿ ಕಳ್ಸಿದೆ. ಅವರು ಹೆಡ್‌ಫೋನ್ ಹಾಕ್ಕೊಂಡು ಕೇಳಿ ಫೋನ್ ಮಾಡಿ ಒಂದೇ ಮಾತು ಕೇಳಿದ್ದು, "ಸಾರ್, ಬಾತ್‌ರೂಮಲ್ಲಿ ಕೂತು ಮಾತಾಡಿದ್ರೇನ್ರಿ?" ಇಡೀ ಊರೇ ಕೇಳೋ ದನಿಗೆ ಇಂಥ ಮಾತಾ ಅಂತ ಸಿಟ್ಟು ಬಂತು, ಆದ್ರೆ ನಾನೇ ಹೆಡ್‌ಫೋನ್ ಹಾಕ್ಕೊಂಡು ಕೇಳಿದಾಗ ಅವರು ಹೇಳಿದ್ದು ಸುಳ್ಳೇನಲ್ಲ ಅನ್ನಿಸ್ತು.

ಆಮೇಲೆ ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡ್ದೆ, ಮೈಕ್ ಸರಿ ಇಲ್ಲ ಅಂತ ತೀರ್ಮಾನ ಮಾಡ್ಬಿಟ್ಟೆ. ಆನ್‌ಲೈನಲ್ಲಿ ಸಾವಿರದ ಚಿಲ್ಲರೆಗೆ ಒಂದು ಕಂಡೆನ್ಸರ್ ಮೈಕ್ ಸೆಟ್ ಸಿಕ್ತು, ಸ್ಟ್ಯಾಂಡು, ಸ್ಪಂಜಿನ ಟೋಪಿ, ಉಸಿರಿನ ಹೊಡೆತ ತಡೆಯೋ ಪಾಪ್ ಫಿಲ್ಟರು ಎಲ್ಲಾ ಅದರಲ್ಲೇ. ನೋಡೋಕೆ ಥೇಟ್ ಸಿನಿಮಾ ಸ್ಟುಡಿಯೋ ಮೈಕ್ ಥರಾನೇ ಇತ್ತು. ಅದರ ಕೇಬಲ್ಲಿನ ಇನ್ನೊಂದು ತುದಿ ಮಾತ್ರ ಇಯರ್‌ಫೋನ್ ಪಿನ್ನು, ಸೀದಾ ಲ್ಯಾಪ್‌ಟಾಪಿಗೆ ಚುಚ್ಚೋದು. ಚುಚ್ಚಿದೆ, ದನಿ ಎಲ್ಲೋ ಪಕ್ಕದ ಬೀದಿಲಿ ಇದ್ದಂಗೆ, ವಾಲ್ಯೂಮ್ ಏರಿಸಿದ್ರೆ ಸೀಮೆಎಣ್ಣೆ ಸ್ಟೋವ್ ಹಚ್ಚಿದಂಗೆ ಸುಯ್ಯ್ ಅಂತ ಸದ್ದು. ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದ್ರೆ ಮೈಕ್ ಕೇಬಲ್ಲಲ್ಲೇ ಹೋಗೋ ಕರೆಂಟ್, ಕೊಡಬೇಕು, ಲ್ಯಾಪ್‌ಟಾಪಿನ ಮೈಕ್ ತೂತಲ್ಲಿ ಬರೋದು ಅದರ ಹತ್ತಿರಕ್ಕೂ ಹೋಗಲ್ಲ ಅನ್ನೋದು ನನಗೆ ಆಗ ಗೊತ್ತಿರ್ಲಿಲ್ಲ.

ಹಂಗಾಗಿ ಆಡಿಯೋ ಇಂಟರ್ಫೇಸ್ ಬೇಕಾಯ್ತು, ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಕೂರೋ ಡಬ್ಬಿ ಅದು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋ ಗೆಳೆಯ ಒಬ್ಬ ಇದಾನೆ, ಅವನ ಹತ್ರ ಇದ್ದ ಹಳೇ ಬೆಹ್ರಿಂಜರ್ ಯುಎಂಸಿ202ಎಚ್‌ಡಿ ಐದು ಸಾವಿರಕ್ಕೆ ತಗೊಂಡೆ. ಎರಡು ಮೈಕ್ ಹಾಕ್ಬಹುದು, 48 ವೋಲ್ಟ್ ಸ್ವಿಚ್ ಇದೆ, 24 ಬಿಟ್ಟಲ್ಲಿ ರೆಕಾರ್ಡ್ ಆಗುತ್ತೆ, ಯುಎಸ್‌ಬಿ ಕೇಬಲ್ಲಿಂದಾನೇ ಕರೆಂಟ್ ತಗೊಳುತ್ತೆ. ಡಬ್ಬಿ ಮೇಲೆ 192 ಕಿಲೋಹರ್ಟ್ಸ್ ಅಂತ ಬರ್ಕೊಂಡಿರ್ತಾರೆ, ದನಿನ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತೆ ಅನ್ನೋ ಲೆಕ್ಕ, ಮಾತಿನ ಕೆಲಸಕ್ಕೆ ಅದೇನೂ ಬೇಕಿಲ್ಲ, ನಾನು 48 ರಲ್ಲೇ ಇಟ್ಟಿದೀನಿ, ವಿಡಿಯೋಗೂ ಅದೇ ಸರಿ ಹೋಗುತ್ತೆ.

ಈಗ ಸುಯ್ಯ್ ಸದ್ದು ಹೋಯ್ತು. ಹೋಗಿದ್ದಕ್ಕೆ ಬೇರೆ ಎಲ್ಲಾ ಕೇಳಿಸೋಕೆ ಶುರುವಾಯ್ತು ನೋಡಿ! ನಮ್ಮನೆ ರೈಲ್ವೆ ಗೇಟಿಂದ ಎರಡು ಬೀದಿ ಆಚೆ. ರೈಲು ಬಂದ್ರೆ ಬಂತು, ಹಾರ್ನು ಕೂಗೋದಕ್ಕೂ ಮುಂಚೆ ನೆಲದಿಂದ ಗುಡುಗುಡು. ಎದುರು ಮನೆಯೋರ ಮಂಡಕ್ಕಿ ಟೆಂಪೋ ಬೆಳಗ್ಗೆ ನಾಲ್ಕೂವರೆಗೇ ಸ್ಟಾರ್ಟ್ ಆಗುತ್ತೆ, ಪಕ್ಕದ ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಆ ಮೈಕಲ್ಲಿ ಎಣಿಸಬಹುದಿತ್ತು, ನಮ್ಮವ್ವ ಅಡಿಗೆಮನೇಲಿ ಬಳೆ ಸರಿಸಿಕೊಂಡ್ರೂ ಬರ್ತಿತ್ತು, ಇನ್ನು ಫ್ಯಾನಂತೂ ಕೇಳಲೇಬೇಡಿ. ಫ್ಯಾನ್ ಆಫ್ ಮಾಡಿ ಅಂತೀರ, ಏಪ್ರಿಲ್ ತಿಂಗಳ ದಾವಣಗೆರೆಲಿ ಕಿಟಕಿ ಹಾಕ್ಕೊಂಡು ಫ್ಯಾನ್ ಆಫ್ ಮಾಡಿ ಹತ್ತು ನಿಮಿಷ ಓದಿ ನೋಡಿ, ಆಮೇಲೆ ಮಾತಾಡಣ.

ಗೆಳೆಯನಿಗೆ ಕರೆದು ಕೇಳಿಸ್ದೆ. ಅವನು ಮಾತಾಡ್ಲಿಲ್ಲ, ರೂಮಿನ ಮಧ್ಯ ನಿಂತು ಒಂದು ಚಪ್ಪಾಳೆ ಹೊಡ್ದ. ಟಪ್ ಅಂದಿದ್ದು ಟ್ರ್‌ರ್‌ರ್ ಅಂತ ಗೋಡೆಯಿಂದ ಗೋಡೆಗೆ ಓಡ್ತು. "ಮೈಕ್ ಕೇಳಿಸಿಕೊಂಡಿದ್ದನ್ನೇ ಹೇಳ್ತೈತೆ ಕಣೋ, ಅದರದೇನೂ ತಪ್ಪಿಲ್ಲ, ನಿನ್ ರೂಮೇ ಹಿಂಗೈತೆ" ಅಂದ. ಆಗ ನನಗೆ ಕಾಲೇಜಲ್ಲಿದ್ದಾಗ ಯುವವಾಣಿ ಕಾರ್ಯಕ್ರಮಕ್ಕೆ ಚಿತ್ರದುರ್ಗ ಆಕಾಶವಾಣಿಗೆ ಹೋಗಿದ್ದು ನೆನಪಾಯ್ತು, ಸ್ಟುಡಿಯೋ ಬಾಗಿಲು ಹಾಕಿದ ತಕ್ಷಣ ಕಿವಿಗೆ ಹತ್ತಿ ಇಟ್ಟಂಗಾಗಿ ನಮ್ಮ ದನಿ ಬಾಯಿ ಮುಂದೇನೇ ಬಿದ್ದುಹೋದಂಗೆ ಅನ್ನಿಸ್ತಿತ್ತು. ಅದು ಯಾಕೆ ಅಂತ ಹತ್ತು ವರ್ಷ ಆದ್ಮೇಲೆ ಈ ಚಪ್ಪಾಳೇಲಿ ಗೊತ್ತಾಯ್ತು.

ಅವನು ಹೋಗುವಾಗ ತನ್ನ ಶ್ಯೂರ್ ಎಸ್‌ಎಂ58 ಬಿಟ್ಟು ಹೋದ, ಸ್ಟೇಜಲ್ಲಿ ಹಾಡೋರ ಕೈಲಿ ಇರುತ್ತಲ್ಲ, ಜಾಲರಿ ಉಂಡೆಯ ಮೈಕು. 1966 ರಿಂದ ಬರ್ತಿರೋ ಮಾಡೆಲ್ ಅದು, ಇದರಲ್ಲಿ ಏನು ಬಂದೀತು ಅಂತ ತಾತ್ಸಾರದಿಂದಾನೇ ಹಾಕ್ದೆ. ಅದೇ ರೂಮು, ಅದೇ ಸಂಜೆ, ಕುಕ್ಕರ್ ಕೂಗ್ತಾನೇ ಇತ್ತು, ಆದ್ರೆ ರೆಕಾರ್ಡಿಂಗಲ್ಲಿ ಎಲ್ಲೋ ದೂರ ಹೋಗ್ಬಿಟ್ಟಿತ್ತು!

ಇದು ಯಾಕೆ ಹಿಂಗೆ ಅಂತ ತಲೆ ಕೆಡಿಸ್ಕೊಂಡು ಒಂದು ವಾರ ಓದಿದೀನಿ, ನನಗೆ ಅರ್ಥ ಆಗಿದ್ದು ಇಷ್ಟು. ಎಸ್‌ಎಂ58 ಥರದ ಡೈನಮಿಕ್ ಮೈಕಲ್ಲಿ ಒಂದು ಪೊರೆಗೆ ತಂತಿ ಸುರುಳಿ ಅಂಟಿರುತ್ತೆ, ನಾವು ಮಾತಾಡಿದಾಗ ಅದು ಆಯಸ್ಕಾಂತದ ಮಧ್ಯ ಅಲ್ಲಾಡಿ ಕರೆಂಟ್ ಹುಟ್ಟುತ್ತೆ, ಸುರುಳಿಗೆ ಭಾರ ಇರೋದ್ರಿಂದ ಸಣ್ಣ ಪುಟ್ಟದಕ್ಕೆಲ್ಲ ಚಟ್ ಅಂತ ಅಲ್ಲಾಡಲ್ಲ. ಕಂಡೆನ್ಸರಲ್ಲಿ ತೆಳ್ಳಗಿನ ಪೊರೆ ಮಾತ್ರ, ಬಳೆ ಸದ್ದಿಗೂ ಕುಣಿಯುತ್ತೆ. ಲೆಕ್ಕದಲ್ಲಿ ಹೇಳ್ಬೇಕಂದ್ರೆ ಒಂದೇ ಒತ್ತಡದ ಸದ್ದಿಗೆ ಎಸ್‌ಎಂ58 ಸುಮಾರು 1.85 ಮಿಲಿವೋಲ್ಟ್ ಕೊಟ್ರೆ, ಆಡಿಯೋ ಟೆಕ್ನಿಕಾ ಎಟಿ2020 ಅಂತ ಒಂದು ಒಳ್ಳೇ ಕಂಡೆನ್ಸರ್ ಇದೆ, ಅದು 14.1 ಕೊಡುತ್ತೆ.

ಆದ್ರೆ ನಿಜವಾದ ಗುಟ್ಟು ಅದಲ್ಲ, ದೂರ. ಕಂಡೆನ್ಸರನ್ನ ನಾನು ಸಿನಿಮಾದಲ್ಲಿ ನೋಡಿದಂಗೆ ಒಂದು ಮೊಳ ದೂರ ಇಟ್ಕೊಂಡು ಮಾತಾಡ್ತಿದ್ದೆ, ಎಸ್‌ಎಂ58 ನ ನಾಲ್ಕು ಬೆರಳು ದೂರದಲ್ಲಿ. ಮೈಕಿಗೆ ಇರೋ ದೂರ ಅರ್ಧ ಆದಾಗೆಲ್ಲ ನಿಮ್ಮ ದನಿ 6 ಡಿಬಿ (ಡೆಸಿಬಲ್, ಸದ್ದಿನ ಜೋರಿನ ಅಳತೆ) ಏರುತ್ತೆ, ರೈಲು ಕುಕ್ಕರು ಗೋಡೆ ಎಲ್ಲಾ ಇದ್ದಲ್ಲೇ ಇರ್ತಾವೆ. ಮೊಳದಿಂದ ನಾಲ್ಕು ಬೆರಳಿಗೆ ಬಂದ್ರೆ ಹೆಚ್ಚುಕಮ್ಮಿ 15 ಡಿಬಿ. ಅಷ್ಟು ಲಾಭ ಯಾವ ದುಡ್ಡು ಕೊಟ್ರೂ ಅಂಗಡೀಲಿ ಸಿಗಲ್ಲ, ಮುಖ ಮುಂದೆ ತಂದ್ರೆ ಪುಕ್ಕಟೆ. ಕಂಡೆನ್ಸರನ್ನೂ ಹತ್ರ ಇಟ್ಕೊಂಡು ನೋಡ್ದೆ, ಸುಧಾರಿಸ್ತು, ಆದ್ರೂ ನಮ್ಮ ಬೀದಿಗೆ ಡೈನಮಿಕ್ಕೇ ಸರಿ ಅನ್ನಿಸ್ತು.

ಎಸ್‌ಎಂ58 ಹೊಸದು ತಗೊಳೋ ಶಕ್ತಿ ಆಗ ಇರ್ಲಿಲ್ಲ, ಅರ್ಧ ರೇಟಿಗೆ ಕೊಡ್ತೀನಿ ಅಂದೋರು ಸಿಕ್ಕಿದ್ರು, ಗೆಳೆಯ ಬೇಡ ಅಂದ, ಅದರ ನಕಲಿ ಮಾರ್ಕೆಟ್ ತುಂಬಾ ಇದಾವಂತೆ, ಡಬ್ಬಿ ಸಮೇತ ನಕಲಿ. ಕೊನೆಗೆ ಬೆಹ್ರಿಂಜರ್ ಎಕ್ಸ್‌ಎಂ8500 ಎರಡೂವರೆ ಸಾವಿರದ ಒಳಗೆ ತಗೊಂಡೆ. ಕಿವಿಗೆ ಹತ್ತಿರ ಹತ್ತಿರ ಅದೇ, ಸ್ವಲ್ಪ ಚುರುಕು ಜಾಸ್ತಿ. ಇಂಟರ್ಫೇಸ್ ತಾಪತ್ರಯನೇ ಬೇಡ ಅನ್ನೋರಿಗೆ ಸ್ಯಾಮ್‌ಸನ್ ಕ್ಯೂ2ಯು ಅಂತ ಇದೆ, ಡೈನಮಿಕ್ ಮೈಕೇ, ಯುಎಸ್‌ಬಿ ಮತ್ತೆ ಎಕ್ಸ್‌ಎಲ್‌ಆರ್ (ಇಂಟರ್ಫೇಸಿಗೆ ಹೋಗೋ ಮೂರು ಪಿನ್ನಿನ ಕನೆಕ್ಟರು) ಎರಡೂ ಇರುತ್ತೆ, ಇವತ್ತು ಲ್ಯಾಪ್‌ಟಾಪಿಗೆ ಹಾಕಿ ನಾಳೆ ದುಡ್ಡಾದಾಗ ಇಂಟರ್ಫೇಸಿಗೆ ಹಾಕ್ಬಹುದು. ಮೊದ್ಲೇ ಗೊತ್ತಿದ್ರೆ ನಾನು ಅದನ್ನೇ ತಗೊಂತಿದ್ದೆ.

ಹತ್ರ ಮಾತಾಡೋದ್ರಲ್ಲಿ ಎರಡು ತೊಂದ್ರೆ ಇದೆ. ಒಂದು, ದನಿ ಗುಂ ಅಂತ ದಪ್ಪ ಆಗುತ್ತೆ, ಮೊದಮೊದಲು ಖುಷಿ ಆಗುತ್ತೆ, ಆಮೇಲೆ ಮಾತೇ ತಿಳಿಯಲ್ಲ. ಎರಡು, ಉಸಿರಿನ ಹೊಡೆತ. ನಮ್ಮ ಪ್ರಚಾರದ ಭಾಷೆ ನೋಡಿ, ಬನ್ನಿ, ಬಂಧುಗಳೇ, ಭಾರೀ, ಬಂಪರ್, ಪ್ರಪ್ರಥಮ ಬಾರಿಗೆ, ಒಂದೊಂದು ಅಕ್ಷರಾನೂ ಮೈಕಿಗೆ ಗುದ್ದು. ಸೆಟ್ಟಲ್ಲಿ ಬಂದಿದ್ದ ಪಾಪ್ ಫಿಲ್ಟರ್ ಕತ್ತು ನಿಲ್ಲದೆ ಬಾಗ್ತಿತ್ತು, ಅದಕ್ಕೆ ನನ್ನ ಹೆಂಡತಿ ಕಸೂತಿ ಹಾಕೋ ರಿಂಗಿಗೆ ಹಳೇ ನೈಲಾನ್ ಸಾಕ್ಸ್ ಬಿಗಿದು ಕಟ್ಟಿಕೊಟ್ಲು, ಇವತ್ತಿಗೂ ಅದೇ ಇದೆ. ಅದಕ್ಕಿಂತ ಉಪಯೋಗ ಆಗಿದ್ದು ಮೈಕನ್ನ ಬಾಯಿ ನೇರಕ್ಕೆ ಇಡದೆ ತುಟಿ ಅಂಚಿನ ಕಡೆಗೆ ಓರೆ ಮಾಡಿದ್ದು, ಉಸಿರು ಪಕ್ಕಕ್ಕೆ ಹೋಗುತ್ತೆ, ದನಿ ಮಾತ್ರ ಬೀಳುತ್ತೆ.

ಇನ್ನು ರೂಮು. ಮೊಟ್ಟೆ ಟ್ರೇ ಅಂಟಿಸು ಅಂತ ಹತ್ತು ಜನ ಹೇಳಿದ್ರು, ಅಂಟಿಸಿದೀನಿ ಕೂಡ, ಜಿರಳೆ ಬಂದಿದ್ದು ಬಿಟ್ರೆ ಬೇರೇನೂ ಆಗ್ಲಿಲ್ಲ. ತೆಳು ಫೋಮ್ ಶೀಟುಗಳೂ ಸ್, ಶ್ ಥರದ ಚೂಪು ಸದ್ದನ್ನಷ್ಟೇ ನುಂಗ್ತಾವೆ. 1000 ಹರ್ಟ್ಸ್, ಅಂದ್ರೆ ಸೆಕೆಂಡಿಗೆ ಸಾವಿರ ಸಲ ಕಂಪಿಸೋ ಸದ್ದಿನ ಅಲೆ 34 ಸೆಂಟಿಮೀಟರ್ ಉದ್ದ, 100 ಹರ್ಟ್ಸಿನ ದಪ್ಪ ಸದ್ದಿಂದು ಮೂರೂವರೆ ಮೀಟರ್ ಹತ್ರ, ಅದನ್ನ ಒಂದು ಇಂಚಿನ ಸ್ಪಂಜು ಹೆಂಗೆ ತಡೀಬೇಕು ಹೇಳಿ. ಆಗ ಹೊಳೆದಿದ್ದು ಕಂಬಳಿ. ಅತ್ತೆ ಊರು ಚಳ್ಳಕೆರೆ ಕಡೆ, ಅಲ್ಲಿ ಕುರಿ ಉಣ್ಣೆ ಕಂಬಳಿಗೆ ಕೇಳಬೇಕಾ, ಒರಟು, ಭಾರ, ಒತ್ತಾದ ನೇಯ್ಗೆ, ಸದ್ದು ನುಂಗೋಕೆ ಹೇಳಿ ಮಾಡಿಸಿದಂಗೆ. ನಾಲ್ಕು ಕಂಬಳಿ ತಂದು ಎರಡು ಬೆನ್ನ ಹಿಂದೆ, ಒಂದೊಂದು ಅಕ್ಕಪಕ್ಕ, ಹಗ್ಗ ಕಟ್ಟಿ ನೇತು ಹಾಕ್ದೆ. ಮೈಕ್ ಹಿಂದೆ ಅಲ್ಲ, ನಮ್ಮ ಬೆನ್ನ ಹಿಂದೆ, ಇದು ಮುಖ್ಯ, ಯಾಕಂದ್ರೆ ಮೈಕ್ ಮುಖ ಇರೋದು ನಮ್ಮ ಕಡೆಗೆ, ಹಿಂದಿನ ಗೋಡೆಯಿಂದ ವಾಪಸ್ ಬರೋ ಸದ್ದು ಸೀದಾ ಅದರ ಬಾಯಿಗೇ ಬೀಳುತ್ತೆ. ಮತ್ತೆ ಕಂಬಳಿನ ಗೋಡೆಗೆ ಅಂಟಿಸಬೇಡಿ, ಒಂದು ಗೇಣು ಜಾಗ ಬಿಡಿ, ಆ ಗಾಳಿ ಸಂದಿ ಇದ್ರೆ ಇನ್ನೂ ದಪ್ಪ ಸದ್ದನ್ನೂ ಹಿಡಿಯುತ್ತೆ. ರೈಲನ್ನ ಕಂಬಳಿ ತಡೆಯಲ್ಲ, ಅದಕ್ಕೆ ಬೇರೆ ಉಪಾಯ ಇಲ್ಲ, ಗೇಟ್ ಹಾಕಿದ ಸದ್ದು ಕೇಳಿದ್ರೆ ನಿಲ್ಲಿಸಿ ಚಾ ಕುಡೀತೀನಿ.

ಇಷ್ಟೆಲ್ಲಾ ಆದ್ಮೇಲೂ ಹಿಂದೆ ಜುಂಯ್ ಅಂತ ಒಂದು ಸದ್ದು ಉಳ್ಕೊಂಡಿತ್ತು. ಕೇಬಲ್ ಬದಲಿಸ್ದೆ, ಮೈಕ್ ಬದಲಿಸ್ದೆ, ಹೋಗ್ಲಿಲ್ಲ. ಒಂದಿನ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಿದ್ದಾಗ ಸದ್ದೇ ಇಲ್ಲ! ಕರೆಂಟ್ ಬಂದ್ಮೇಲೆ ಚಾರ್ಜರ್ ತೆಗೆದು ನೋಡ್ದೆ, ಆಗ್ಲೂ ಇಲ್ಲ, ಹಾಕಿದ್ರೆ ಜುಂಯ್. ವೈರಿಂಗ್ ಮಾಡೋ ಅಣ್ಣನ್ನ ಕರೆಸಿದ್ರೆ ಅವರು ಪ್ಲಗ್ಗಿನ ಮೂರನೇ ತೂತಿಗೆ ಟೆಸ್ಟರ್ ಲ್ಯಾಂಪ್ ಹಿಡಿದು ನಕ್ಬಿಟ್ರು, "ಅರ್ಥಿಂಗೇ ಇಲ್ವಲ್ಲಪ್ಪಾ ನಿಮ್ಮನೆಗೆ." ಹಿತ್ತಲಲ್ಲಿ ಗುಂಡಿ ತೆಗೆದು ಇದ್ದಿಲು, ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿಸಿದ್ದಾಯ್ತು, ಬೇಸಿಗೇಲಿ ಅದಕ್ಕೆ ಒಂದು ಕೊಡ ನೀರು ಹಾಕ್ತೀನಿ. ಸ್ಟುಡಿಯೋ ಖರ್ಚಲ್ಲಿ ನಾನು ಅದನ್ನೂ ಬರೆದಿಟ್ಟಿದೀನಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಆಡಾಸಿಟಿ ಪುಕ್ಕಟೆ, ಸಾಕು. ಗೇನ್ (ಮೈಕಿನ ದನಿ ಎಷ್ಟು ಏರಿಸ್ತೀವಿ ಅನ್ನೋದು) ಇಡುವಾಗ ಸ್ಕ್ರೀನಿನ ಮೀಟರಲ್ಲಿ ಜೋರು ಮಾತು ಮೈನಸ್ 12 ರಿಂದ ಮೈನಸ್ 6 ಡಿಬಿ ಒಳಗೇ ಇರಲಿ, ಕೆಂಪು ಮುಟ್ಟಿದ್ರೆ ಆ ದನಿ ಒಡೆದ ಗಡಿಗೆ ಥರ, ಆಮೇಲೆ ಸರಿ ಮಾಡೋಕಾಗಲ್ಲ. ಮಾತು ಶುರು ಮಾಡೋ ಮುಂಚೆ ಐದು ಸೆಕೆಂಡ್ ಸುಮ್ನೆ ಕೂತು ರೂಮಿನ ಸದ್ದನ್ನಷ್ಟೇ ರೆಕಾರ್ಡ್ ಮಾಡ್ತೀನಿ, ಹಿನ್ನೆಲೆ ಸದ್ದು ಕಳೆಯೋ ನಾಯ್ಸ್ ರಿಡಕ್ಷನ್‌ಗೆ ಅದನ್ನ ತೋರಿಸಬೇಕು, ಅದೂ ಹಗುರಕ್ಕೆ, ಜಾಸ್ತಿ ಎಳೆದ್ರೆ ನೀರೊಳಗೆ ಮುಳುಗಿ ಮಾತಾಡಿದಂಗೆ ಆಗುತ್ತೆ.

ತಮಾಷೆ ಏನಂದ್ರೆ ಇಷ್ಟು ಚೆಂದ ರೆಕಾರ್ಡ್ ಮಾಡಿದ ದನಿನ ಖುಷಿಯಿಂದ ಆಟೋದೋರಿಗೂ ಕೊಟ್ಟೆ, ಮಾರನೇ ದಿನಾನೇ "ಅಣ್ಣಾ, ಏನ್ ಹೇಳ್ತೀಯೋ ತಿಳಿಯವಲ್ದು, ಹಳೇದೇ ಕೊಡು" ಅಂತ ವಾಪಸ್ ಬಂದ್ರು. ಹಾರ್ನ್ ಸ್ಪೀಕರಲ್ಲಿ ಕೆಳಗಿನ ದಪ್ಪ ದನಿ ಬರೋದೇ ಇಲ್ಲ, ಸುಮ್ನೆ ಆಂಪ್ಲಿಫೈಯರಿಗೆ ಭಾರ. ಅದಕ್ಕೇ ಆಟೋಗೆ ಬೇರೆ ಫೈಲೇ ಮಾಡ್ತೀನಿ, 300 ಹರ್ಟ್ಸಿಂದ ಕೆಳಗೆ ಕಡಿದುಹಾಕಿ, 3000 ಹತ್ರ ಸ್ವಲ್ಪ ಏರಿಸಿ, ಮಾತು ನಿಧಾನ ಮಾಡಿ, ಓಣಿ ಗೋಡೆಗೆ ಬಡಿದು ವಾಪಸ್ ಬರೋಕೆ ಪದ ಪದಕ್ಕೂ ಜಾಗ ಬಿಟ್ಟು.

ಅಡಿಕೆ ತೋಟದೋರು ಈಗ ತಿಂಗಳಿಗೆ ಎರಡು ವಿಡಿಯೋ ಕಳಿಸ್ತಾರೆ. ಕಂಡೆನ್ಸರ್ ಡಬ್ಬಿಯಲ್ಲೇ ಇದೆ, ರಾತ್ರಿ ಹನ್ನೆರಡರ ಮೇಲೆ ಓಣಿ ಮಲಗಿದಾಗ ಒಮ್ಮೊಮ್ಮೆ ತೆಗೀತೀನಿ. ಹೋದ ಡಿಸೆಂಬರಲ್ಲಿ ಚಳಿ ಅಂತ ನಮ್ಮವ್ವ ಹೇಳದೇ ಕೇಳದೇ ಬೆನ್ನ ಹಿಂದಿನ ಒಂದು ಕಂಬಳಿ ಬಿಚ್ಕೊಂಡು ಹೋಗಿ ಹೊದ್ದು ಮಲಗಿದ್ಲು, ನಾನು ನೋಡ್ಕೊಳ್ದೆ ರೆಕಾರ್ಡ್ ಮಾಡಿ ಕಳ್ಸಿದೆ, ಬೆಳಗ್ಗೆ ಏಳಕ್ಕೇ ಚನ್ನಗಿರಿಯಿಂದ ಫೋನು, "ಸಾರ್, ಮತ್ತೆ ಬಾತ್‌ರೂಮಿಗೆ ಹೋದ್ರೇನ್ರಿ?"