ಹಳೇ ಲ್ಯಾಪ್‌ಟಾಪಿಗೆ ಮನೆಯ ನೆಟ್‌ವರ್ಕ್ ಮತ್ತೆ ಸಿಕ್ಕಿದ್ದು

ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಗೆ ಫೈಬರ್ ಬಂತು, ಜೊತೆಗೆ ಹೊಸ ರೂಟರ್ ಬಂತು. ಫೋನುಗಳು, ಟಿವಿ, ತಂಗಿಯ ಹೊಸ ಲ್ಯಾಪ್‌ಟಾಪ್, ಎಲ್ಲಕ್ಕೂ ಒಂದೇ ಸಲಕ್ಕೆ ಇಂಟರ್‌ನೆಟ್ ಸಿಕ್ಕಿತು. ಅಪ್ಪ ತೋಟದ ಲೆಕ್ಕ ಬರೆಯುವ ಹಳೇ ಲ್ಯಾಪ್‌ಟಾಪಿಗೆ ಮಾತ್ರ ಸಿಗಲಿಲ್ಲ. ವೈಫೈ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರೇ ಕಾಣುತ್ತಿರಲಿಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ: ‘ಹಳೇದಾಯ್ತು, ಎಸೆದು ಹೊಸದು ತಗೊಳ್ಳಿ.’

ಹಾಗೆ ಎಸೆಯುವ ಮಾತೇ ಇರಲಿಲ್ಲ. ಆಳುಗಳ ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್, ಕಾಫಿ ಮೆಣಸು ಮಾರಿದ ಲೆಕ್ಕ ಎಲ್ಲ ಅದರಲ್ಲೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಅಪ್ಪನ ಮಳೆ ಲೆಕ್ಕ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಬಿತ್ತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ಬಿಟ್ಟು ಬಂತು, ಮುಂಗಾರು ಯಾವಾಗ ಹಿಡಿಯಿತು, ಎಲ್ಲವನ್ನೂ ವರ್ಷವರ್ಷ ಎಕ್ಸೆಲ್‌ನಲ್ಲಿ ತುಂಬಿಸಿಟ್ಟಿದ್ದಾರೆ. ಕಾಫಿ ಬೆಳೆಯುವವರಿಗೆ ಅದರ ಬೆಲೆ ಗೊತ್ತು. ಅಪ್ಪನ ಕೈ ಪಳಗಿದ್ದೂ ಆ ಕೀಬೋರ್ಡಿಗೇ.

ನಾನು ಕಂಪ್ಯೂಟರ್ ಓದಿದವನಲ್ಲ. ಆದರೆ ಸುತ್ತಲಿನ ತೋಟದ ಮನೆಗಳಲ್ಲಿ ರೂಟರ್, ಪ್ರಿಂಟರ್ ಕೈಕೊಟ್ಟರೆ ಹೋಗಿ ನೋಡಿಕೊಡುವ ಅಭ್ಯಾಸ ಬಹಳ ಕಾಲದಿಂದ ಇದೆ. ಅದರಿಂದ ಕಲಿತದ್ದೇನೆಂದರೆ, ಹಳೇ ಯಂತ್ರದಲ್ಲಿ ತೊಂದರೆ ಒಂದೇ ಇರುವುದು ಅಪರೂಪ. ಒಂದರ ಮೇಲೊಂದು ಕೂತಿರುತ್ತವೆ. ಮೇಲಿನದನ್ನು ಸರಿ ಮಾಡಿದರೂ ಕೆಳಗಿನದು ಇನ್ನೂ ಅಡ್ಡ ಇರುತ್ತದೆ. ಆಗ ಜನ ‘ಇದರಿಂದ ಏನೂ ಆಗಲಿಲ್ಲ’ ಎಂದು ಸರಿ ಮಾಡಿದ್ದನ್ನೂ ಹಿಂದಕ್ಕೆ ಹಾಕಿಬಿಡುತ್ತಾರೆ. ಅಲ್ಲಿಂದ ಗೋಜಲು ಶುರು. ಅದಕ್ಕೇ ನಾನು ವೈಫೈ ಬಿಟ್ಟು ಮೊದಲು ವೈರಿಗೆ ಹೋಗುತ್ತೇನೆ.

ಹಳೇ ಲ್ಯಾಪ್‌ಟಾಪುಗಳ ಒಂದು ಒಳ್ಳೇ ಗುಣ ಎಂದರೆ ಲ್ಯಾನ್ ಕೇಬಲ್ ಚುಚ್ಚುವ ತೂತು ಇರುತ್ತದೆ. ರೂಟರಿಂದ ನೇರ ಕೇಬಲ್ ಎಳೆದು ಚುಚ್ಚಿದೆ. ಪೋರ್ಟಿನ ಪಕ್ಕದ ಹಸಿರು ದೀಪ ಹತ್ತಿತು. ಅಂದರೆ ಕೇಬಲ್ಲು, ಪೋರ್ಟು ಎರಡೂ ಸರಿ ಇವೆ. ಆದರೆ ಪರದೆಯ ಮೂಲೆಯಲ್ಲಿ ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಅಂತ ಬಂತು. ಕಮಾಂಡ್ ಪ್ರಾಂಪ್ಟ್ ತೆಗೆದು, ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸ, ಅಂದರೆ ಐಪಿ ನಂಬರ್ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟೆ. ಇಲ್ಲಿ 169.254ರಿಂದ ಶುರುವಾಗುವ ನಂಬರ್ ಕಂಡರೆ ರೂಟರ್ ವಿಳಾಸ ಕೊಡಲಿಲ್ಲ, ಯಂತ್ರ ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ನನಗೆ ಕಂಡದ್ದು ಅದಲ್ಲ, 192.168.0.25. ಹೊಸ ರೂಟರ್ ಇರುವುದು 192.168.1.1ರಲ್ಲಿ. ಮೂರನೇ ಅಂಕಿ ಬೇರೆ, ಅಂದರೆ ಎರಡೂ ಒಂದೇ ನೆಟ್‌ವರ್ಕಿನಲ್ಲಿಲ್ಲ. ಹಿಂದೆ ಹಳೇ ರೂಟರ್ ಇದ್ದಾಗ ಪ್ರಿಂಟರಿಗೆ ಬೇಕು ಅಂತ ಯಾರೋ ಐಪಿಯನ್ನು ಕೈಯಿಂದ ಹಾಕಿ ಹೋಗಿದ್ದರು. ಮನೆ ಬದಲಾದ ಮೇಲೂ ಹಳೇ ಡೋರ್ ನಂಬರನ್ನೇ ಹೇಳುತ್ತಾ ಕೂತಂತೆ ಆಗಿತ್ತು. ಅಡಾಪ್ಟರ್ ಸೆಟ್ಟಿಂಗ್ಸ್‌ಗೆ ಹೋಗಿ, ಐಪಿವಿ4ರಲ್ಲಿ ಐಪಿ ಮತ್ತು ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಎರಡನ್ನೂ ‘ಆಟೋಮ್ಯಾಟಿಕ್’ ಮಾಡಿದೆ. ಡಿಎನ್‌ಎಸ್ ಬದಲಿಸುವುದನ್ನು ತುಂಬ ಜನ ಮರೆಯುತ್ತಾರೆ. ಅದು ಹಳೇದೇ ಉಳಿದರೆ ನೆಟ್ ಇದ್ದರೂ ವೆಬ್‌ಸೈಟ್ ತೆರೆಯದೇ ಹೋಗಬಹುದು.

ಈಗ 192.168.1.7 ಬಂತು. ಆಮೇಲೆ ಪಿಂಗ್, ಅಂದರೆ ಆ ಕಡೆಯಿಂದ ಉತ್ತರ ಬರುತ್ತದಾ ಅಂತ ಕೂಗಿ ನೋಡುವುದು. ಮೊದಲು ರೂಟರಿಗೆ, ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ, ಕೊನೆಗೆ ಒಂದು ವೆಬ್‌ಸೈಟಿನ ಹೆಸರಿಗೆ. ರೂಟರ್ ಉತ್ತರ ಕೊಡದಿದ್ದರೆ ತೊಂದರೆ ಮನೆಯೊಳಗೇ. ರೂಟರ್ ಕೊಟ್ಟು 8.8.8.8 ಕೊಡದಿದ್ದರೆ ಹೆಚ್ಚಾಗಿ ಮನೆಯ ಹೊರಗಿನ ಲೈನಿನದು. ಎರಡೂ ಕೊಟ್ಟು ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕತ್ತರಿಸುವುದು ಮಾಮೂಲಿ. ಇದನ್ನು ಮೊದಲೇ ನೋಡಿಕೊಂಡರೆ ಸುಮ್ನೆ ಲ್ಯಾಪ್‌ಟಾಪ್ ಕೆದಕುವುದು ತಪ್ಪುತ್ತದೆ. ಅವತ್ತು ಮೂರೂ ಸರಿ ಬಂದವು.

ಆದರೂ ಬ್ರೌಸರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮೂಲೆಯ ಗಡಿಯಾರ ನೋಡಿದರೆ 2010ರ ಜನವರಿ! ಈಗಿನ ವೆಬ್‌ಸೈಟುಗಳು ತಾವು ಅಸಲಿ ಎಂದು ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. 2010ರಲ್ಲಿ ನಿಂತ ಯಂತ್ರಕ್ಕೆ ಅವು ಯಾವುವೂ ಇನ್ನೂ ಹುಟ್ಟೇ ಇಲ್ಲ.

ದಿನಾಂಕ ಸರಿ ಮಾಡಿದೆ, ಪುಟ ತೆರೆಯಿತು. ಆದರೆ ಅದಷ್ಟೇ ಸಾಲದು. ಲ್ಯಾಪ್‌ಟಾಪ್ ಆಫ್ ಆಗಿದ್ದಾಗ ಗಡಿಯಾರ ಓಡಿಸಲು ಒಳಗೊಂದು ಚಿಕ್ಕ ಸೆಲ್ ಇರುತ್ತದೆ, ಸಿಎಂಒಎಸ್ ಬ್ಯಾಟರಿ ಅನ್ನುತ್ತಾರೆ. ದೊಡ್ಡ ಬ್ಯಾಟರಿ ಚೆನ್ನಾಗಿದ್ದರೆ ಈ ಸೆಲ್ ಸತ್ತದ್ದು ಗೊತ್ತೇ ಆಗುವುದಿಲ್ಲ. ಅಪ್ಪನ ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಹೋಗಿ ಬಹಳ ದಿನವಾಗಿತ್ತು, ಬರೀ ಚಾರ್ಜರ್ ಮೇಲೆ ನಡೆಯುತ್ತಿತ್ತು. ಹೀಗಾಗಿ ಪ್ರತಿ ಸಲ ಕರೆಂಟ್ ಹೋದಾಗಲೂ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ವಿಂಡೋಸ್ ಇಂಟರ್‌ನೆಟ್ ನೋಡಿ ತಾನೇ ಸಮಯ ಸರಿ ಮಾಡಿಕೊಳ್ಳಬಾರದಾ ಅಂತ ಅನ್ನಿಸಬಹುದು. ಮಾಡಿಕೊಳ್ಳುತ್ತದೆ, ಆದರೆ ವ್ಯತ್ಯಾಸ 15 ಗಂಟೆ ದಾಟಿದ್ದರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ವರ್ಷಗಳ ವ್ಯತ್ಯಾಸವನ್ನು ಕೈಯಿಂದಲೇ ತಿದ್ದಬೇಕು.

ಹಾಗಾಗಿ ಸೆಲ್ ಬದಲಿಸಿದೆ. ಚಾರ್ಜರ್ ಕಿತ್ತು, ದೊಡ್ಡ ಬ್ಯಾಟರಿ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ತಳದ ಸ್ಕ್ರೂ ಬಿಚ್ಚಿದೆ. ಈ ಲ್ಯಾಪ್‌ಟಾಪಿನಲ್ಲಿ ಸೆಲ್ ಇದ್ದದ್ದು ರ‍್ಯಾಮ್ ಮುಚ್ಚಳದ ಅಡಿಯಲ್ಲೇ. ಕಪ್ಪು ಪ್ಲಾಸ್ಟಿಕ್ ಸುತ್ತಿ, ಕೆಂಪು ಕಪ್ಪು ಎರಡು ತೆಳು ವೈರ್, ತುದಿಯಲ್ಲಿ ಉಗುರಿನಷ್ಟು ಬಿಳಿ ಕನೆಕ್ಟರ್. ವೈರ್ ಹಿಡಿದು ಎಳೆಯಬಾರದು, ಕನೆಕ್ಟರನ್ನೇ ಎರಡೂ ಬದಿಯಿಂದ ಮೆಲ್ಲಗೆ ಅಲುಗಿಸಿ ಬಿಡಿಸಬೇಕು. ಮಲ್ಟಿಮೀಟರ್ ಇಟ್ಟು ನೋಡಿದರೆ 3 ವೋಲ್ಟ್ ಇರಬೇಕಾದದ್ದು 2 ವೋಲ್ಟೂ ಇರಲಿಲ್ಲ. ಸೆಲ್ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ವೈರ್ ಸಮೇತ ಇರುವುದನ್ನೇ ತರಿಸಿದೆ, ಬಟನ್ ಸೆಲ್ಲಿಗೆ ನೇರ ಬೆಸುಗೆ ಹಾಕುವುದು ಅಪಾಯ, ಬಿಸಿಗೆ ಸಿಡಿಯಬಹುದು. ತೇವದ ಊರಾದ್ದರಿಂದ ಒಳಗೆ ರ‍್ಯಾಮಿನ ಕಾಲುಗಳ ಮೇಲೂ ಮಂಕು ಹಿಡಿದಿತ್ತು. ಅದನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಕೂರಿಸಿದೆ.

ಇನ್ನು ವೈಫೈ. ವೈರಿನಲ್ಲಿ ಎಲ್ಲ ನಡೆಯುತ್ತಿದೆ, ಅಂದರೆ ವಿಂಡೋಸ್ ಸರಿ ಇದೆ. ಉಳಿದದ್ದು ವೈಫೈ ಕಾರ್ಡು ಅಥವಾ ರೂಟರಿನ ಸೆಟ್ಟಿಂಗ್. ಯಾವುದು ಅಂತ ತಿಳಿಯಲು ಸುಲಭದ ದಾರಿ ಫೋನಿನ ಹಾಟ್‌ಸ್ಪಾಟ್. ವೈಫೈ ಹೆಚ್ಚಾಗಿ ಓಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ. ಹಾಟ್‌ಸ್ಪಾಟನ್ನು 2.4ಕ್ಕೆ ಇಟ್ಟು ಆನ್ ಮಾಡಿದೆ. ಲ್ಯಾಪ್‌ಟಾಪ್ ತಕ್ಷಣ ಹಿಡಿಯಿತು. ಕಾರ್ಡ್ ಗಟ್ಟಿಯಾಗಿದೆ.

ಈ ಕಾರ್ಡಿಗೆ 5 ಗಿಗಾಹರ್ಟ್ಸ್ ಬರುವುದಿಲ್ಲ, ಆ ಕಾಲದ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಬರುವುದಿಲ್ಲ. ನಮ್ಮ ಹೊಸ ರೂಟರ್ ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತದೆ. ಹಾಗಿದ್ದರೂ 2.4 ಕಾಣಬೇಕಿತ್ತಲ್ಲ? ಫೋನಿನಲ್ಲಿ ವೈಫೈ ಅನಲೈಜರ್ ತೆರೆದು ನೋಡಿದೆ. 2.4ರ ಬ್ಯಾಂಡನ್ನು ಚಾನೆಲ್ ಎಂಬ ಸಣ್ಣ ಸಣ್ಣ ಹಾದಿಗಳಾಗಿ ಹಂಚಿರುತ್ತಾರೆ. ರೂಟರ್ ‘ಆಟೋ’ದಲ್ಲಿದ್ದು ತಾನೇ 13ನೇ ಚಾನೆಲ್ ಆರಿಸಿಕೊಂಡಿತ್ತು. ಇಲ್ಲೇ ಗಂಟು ಬಿಚ್ಚಿತು. ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್ ಬಳಸಬಹುದು. ಅಮೆರಿಕದಲ್ಲಿ ಮಾರುವ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಈ ಲ್ಯಾಪ್‌ಟಾಪ್ ನಮ್ಮ ಚಿಕ್ಕಪ್ಪ ಅಮೆರಿಕದಿಂದ ಬರುವಾಗ ಅಪ್ಪನಿಗೆ ತಂದುಕೊಟ್ಟದ್ದು. ಅದರ ಕಾರ್ಡಿಗೆ 12, 13ರ ಕಡೆ ಕಿವಿಯೇ ಇಲ್ಲ. ರೂಟರಿನ ಪುಟಕ್ಕೆ ಹೋಗಿ ಆಟೋ ತೆಗೆದು 6ನೇ ಚಾನೆಲ್ ಹಾಕಿದೆ. ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ಎರಡೂ ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಟ್ಟೆ. ಪಟ್ಟಿಯಲ್ಲಿ ಹೆಸರು ಬಂತು. ಅಮೆರಿಕದಿಂದ ಬಂದ ಯಂತ್ರ ಯಾರ ಮನೆಯಲ್ಲಾದರೂ ಹೀಗೆ ಹೆಸರೇ ಕಾಣದೆ ಕಾಡುತ್ತಿದ್ದರೆ, ಮೊದಲು ಚಾನೆಲ್ ನೋಡಿ. ನೆಂಟರು ಹೊರದೇಶದಿಂದ ತಂದ ಲ್ಯಾಪ್‌ಟಾಪುಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ.

ಹೆಸರು ಬಂದ ಮೇಲೆ ಪಾಸ್‌ವರ್ಡ್ ಹೊಡೆದರೆ ಸೇರಿಕೊಳ್ಳಲಿಲ್ಲ. ಇದು ಡಬ್ಲ್ಯೂಪಿಎ3 ಎಂಬ ಹೊಸ ವೈಫೈ ಭದ್ರತಾ ಪದ್ಧತಿಯ ಕೆಲಸ. ರೂಟರ್ ಡಬ್ಲ್ಯೂಪಿಎ2 ಮತ್ತು 3ರ ಮಿಶ್ರದಲ್ಲಿತ್ತು. ಹೇಳಲು ಹಳೇದೂ ಸೇರಬೇಕು, ಆದರೆ ಕೆಲವು ಹಳೇ ಡ್ರೈವರುಗಳು ಈ ಮಿಶ್ರದಲ್ಲಿ ತಬ್ಬಿಬ್ಬಾಗುತ್ತವೆ. 2.4ಕ್ಕೆ ಮಾತ್ರ ಡಬ್ಲ್ಯೂಪಿಎ2, ಅದರ ಗುಪ್ತಲಿಪಿಗೆ ಎಇಎಸ್ ಇಟ್ಟೆ. 5ಕ್ಕೆ ಇದ್ದದ್ದು ಹಾಗೇ ಇರಲಿ ಅಂತ ಬಿಟ್ಟೆ. ಸೇರಿಕೊಂಡಿತು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದಕ್ಕಿಂತ ಕೆಳಗೆ, ಸುಲಭವಾಗಿ ಮುರಿಯಬಹುದಾದ ಹಳೇ ಡಬ್ಲ್ಯೂಇಪಿಗೋ ಪಾಸ್‌ವರ್ಡೇ ಇಲ್ಲದ ಓಪನ್ನಿಗೋ ಇಳಿಯಬಾರದು. ಒಂದು ಯಂತ್ರಕ್ಕಾಗಿ ಇಡೀ ಮನೆಯ ಬಾಗಿಲು ತೆರೆದಿಟ್ಟಂತಾಗುತ್ತದೆ.

2.4 ಅಂದರೆ ಕಳಪೆ ಅಂತಲೂ ತಿಳಿಯಬೇಕಿಲ್ಲ. ನಮ್ಮದು ದಪ್ಪ ಗೋಡೆಯ ಹಳೇ ಮನೆ. ಗೋಡೆ ದಾಟಿ ಹೋಗುವುದರಲ್ಲಿ 5ಕ್ಕಿಂತ 2.4 ಮೇಲು. ಅಪ್ಪ ಕೂರುವ ಹಿಂದಿನ ಕೋಣೆಗೆ 5 ಬರುವುದೇ ಇಲ್ಲ, 2.4 ಬರುತ್ತದೆ.

ಕೊನೆಗೆ ಉಳಿದದ್ದು, ತಂಗಿಯ ಲ್ಯಾಪ್‌ಟಾಪಿನಿಂದ ಅಪ್ಪನ ಮಳೆ ಲೆಕ್ಕದ ಫೋಲ್ಡರ್ ತೆರೆಯುವುದು. ಹೊಸ ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಹಳೇದು ಕಾಣಲಿಲ್ಲ. ವಿಂಡೋಸ್ ಯಂತ್ರಗಳು ಫೋಲ್ಡರ್ ಹಂಚಿಕೊಳ್ಳುವ ಪದ್ಧತಿಗೆ ಎಸ್‌ಎಂಬಿ ಅನ್ನುತ್ತಾರೆ. ಇಂಥ ಕಡೆ ಅದರ ಹಳೇ ರೂಪ ‘ಎಸ್‌ಎಂಬಿ 1 ಆನ್ ಮಾಡಿ’ ಎನ್ನುವ ಸಲಹೆ ಬಹಳ ಸಿಗುತ್ತದೆ. ದಯವಿಟ್ಟು ಮಾಡಬೇಡಿ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದೇ ಎಸ್‌ಎಂಬಿ 1ರ ತೂತಿನಿಂದ. ಅದು ಬೇಕಾಗುವುದು ವಿಂಡೋಸ್ ಎಕ್ಸ್‌ಪಿಯಂಥ ಇನ್ನೂ ಹಳೇ ಯಂತ್ರಕ್ಕೆ. ಅಪ್ಪನ ಲ್ಯಾಪ್‌ಟಾಪಿನಲ್ಲಿರುವ ವಿಂಡೋಸ್ 7ಕ್ಕೆ ಎಸ್‌ಎಂಬಿ 2 ಬರುತ್ತದೆ, ಅಷ್ಟು ಸಾಕು. ಹಳೇದರಲ್ಲಿ ನೆಟ್‌ವರ್ಕನ್ನು ‘ಪಬ್ಲಿಕ್’ನಿಂದ ‘ಹೋಮ್’ಗೆ ಬದಲಿಸಿದೆ, ಹೊಸದರಲ್ಲಿ ‘ಪ್ರೈವೇಟ್’ ಮಾಡಿದೆ. ಪಟ್ಟಿಯಲ್ಲಿ ಹುಡುಕುವುದನ್ನು ಬಿಟ್ಟು, ವಿಳಾಸದ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನೇರ ಐಪಿ ಬರೆದೆ. ಹೆಸರು, ಪಾಸ್‌ವರ್ಡ್ ಕೇಳಿತು. ಅಪ್ಪನ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ.

“ನನಗೆ ದಿನಾ ಪಾಸ್‌ವರ್ಡ್ ಹೊಡೆಯೋಕೆ ಹೇಳ್ಬೇಡ ಮಗಾ” ಅಂದರು ಅಪ್ಪ.

“ಬೇಡಪ್ಪ, ನಿಮ್ಮದು ಹಾಗೇ ಇರಲಿ. ಹಂಚಿಕೊಳ್ಳೋಕೆ ಅಂತ ಬೇರೆ ಖಾತೆ ಮಾಡ್ತೀನಿ” ಅಂದೆ.

ಪಾಸ್‌ವರ್ಡ್ ಇರುವ ಇನ್ನೊಂದು ಖಾತೆ ಮಾಡಿ, ಆ ಒಂದು ಫೋಲ್ಡರನ್ನು ಓದಲು ಮಾತ್ರ ಅದಕ್ಕೆ ಅನುಮತಿ ಕೊಟ್ಟೆ. ಫೋಲ್ಡರ್ ತೆರೆಯಿತು. ವೈಫೈಗೆ ಸಿಕ್ಕ ಐಪಿ ನಾಳೆ ಬದಲಾಗಬಾರದಲ್ವಾ, ಅದಕ್ಕೆ ಐಪಿ ಹಂಚುವ ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ (ವೈಫೈ ಕಾರ್ಡಿನ ಗುರುತಿನ ನಂಬರ್) ಬರೆದು ಅದೇ ನಂಬರನ್ನು ಕಾಯಂ ಮಾಡಿದೆ. ಲ್ಯಾಪ್‌ಟಾಪಿನೊಳಗೆ ಕೈಯಿಂದ ಐಪಿ ಹಾಕುವುದಕ್ಕಿಂತ ಇದು ವಾಸಿ. ಮುಂದೆ ರೂಟರ್ ಬದಲಾದರೂ ಯಂತ್ರ ಸಿಕ್ಕಿಹಾಕಿಕೊಳ್ಳುವುದಿಲ್ಲ.

ವಿಂಡೋಸ್ 7ಕ್ಕೆ ಮಾಮೂಲಿ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ಹಾಗಾಗಿ ಇದರಲ್ಲಿ ಬ್ಯಾಂಕ್ ಕೆಲಸ ಇಲ್ಲ, ಮೇಲ್ ಇಲ್ಲ. ಲೆಕ್ಕ, ಪ್ರಿಂಟು, ಮಳೆ, ಇಷ್ಟೇ. ಭಾನುವಾರ ಭಾನುವಾರ ಫೋಲ್ಡರಿನ ಒಂದು ಪ್ರತಿಯನ್ನು ತಂಗಿ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಳ್ಳುತ್ತಾಳೆ. ಏಪ್ರಿಲ್ ಮೇನಲ್ಲಿ ಗುಡುಗು ಶುರುವಾದರೆ ಪ್ಲಗ್ ಜೊತೆ ರೂಟರಿನ ಲ್ಯಾನ್ ವೈರನ್ನೂ ಕಿತ್ತಿಡಲು ಮನೆಯವರಿಗೆಲ್ಲ ಹೇಳಿದ್ದೇನೆ. ಸಿಡಿಲು ತಾಮ್ರದ ವೈರ್ ಹಿಡಿದು ಬಂದರೆ ಪೋರ್ಟ್ ಸುಡುತ್ತದೆ, ಅಂಥ ರೂಟರುಗಳನ್ನು ಅಕ್ಕಪಕ್ಕದ ಮನೆಗಳಲ್ಲಿ ನೋಡಿದ್ದೇನೆ.